ಕೆನ್ನೆಗೆ ಪಾಲಿಶ್ ಹಾಕುವ ಕ್ರಮ

ಮೊದಲು ಮಗುವಿನ ಮುಖದಲ್ಲಿ ಏನೋ ಕೊರತೆಯಿದೆ ಎಂದು ನಂಬಿ. ಈ ನಂಬಿಕೆ ಗಟ್ಟಿಯಾಗದೆ ಮುಂದಿನ ಯಾವ ಹಂತವೂ ಕೈಹಿಡಿಯುವುದಿಲ್ಲ. ಮಕ್ಕಳ ಚರ್ಮ ದೊಡ್ಡವರದಕ್ಕಿಂತ ತೆಳು, ಎಣ್ಣೆಗ್ರಂಥಿಗಳು ಹರೆಯ ಬರುವವರೆಗೆ ಹೆಚ್ಚುಕಮ್ಮಿ ಮಲಗಿಯೇ ಇರುತ್ತವೆ, ಹಾಗಾಗಿ ರಂಧ್ರಗಳು ಕಣ್ಣಿಗೆ ಬೀಳುವುದೇ ಇಲ್ಲ ಎಂದು ಚರ್ಮದ ಡಾಕ್ಟರು ಹೇಳುತ್ತಾರೆ. ಹೇಳಲಿ ಬಿಡಿ, ಅವರಿಗೆ ಸ್ಟುಡಿಯೋ ಬಾಡಿಗೆ ಕಟ್ಟುವ ಚಿಂತೆಯಿಲ್ಲ. ಇದಕ್ಕಿಂತ ನುಣುಪಾದ ಚರ್ಮ ಮನುಷ್ಯರಿಗೆ ಇನ್ನೆಂದೂ ಸಿಗುವುದಿಲ್ಲ ಎಂದು ನೀವು ಒಪ್ಪಿಕೊಂಡ ದಿನ ನಿಮ್ಮ ಬಿಲ್ಲಿನಿಂದ 'ಸ್ಕಿನ್ ಟಚಪ್' ಎಂಬ ಸಾಲು ಎದ್ದುಹೋಗುತ್ತದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸ್ಟುಡಿಯೋದವರು, ಫೋನಿನಲ್ಲೇ ಎಲ್ಲ ಮುಗಿಸುವ ತಂದೆತಾಯಿಗಳು ಇಬ್ಬರೂ ಈ ಕ್ರಮವನ್ನು ಅನುಸರಿಸಬಹುದು. ಅಳುಕು ಬೇಡ. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸಭೆ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿಗೆ ಕೊಟ್ಟಿತು. ಇಡೀ ಜಿಲ್ಲೆಯ ಮುಖದಿಂದ ಹಳ್ಳಿಯನ್ನು ಒರೆಸಲು ಒಂದು ಸಭೆ ಸಾಕಾಗುವಾಗ ಒಂದು ಕೂಸಿನ ಕೆನ್ನೆ ಯಾವ ಲೆಕ್ಕ?

ಬೆಳಕಿನ ವಿಷಯದಲ್ಲಿ ಬಹಳ ಎಚ್ಚರವಾಗಿರಿ. ಮಗುವನ್ನು ಯಾವ ಕಾರಣಕ್ಕೂ ಜಗಲಿಯ ನೆರಳಿನಲ್ಲಿ, ಬಯಲಿಗೆ ಮುಖಮಾಡಿ ಕೂರಿಸಬೇಡಿ. ಅಲ್ಲಿ ಬಿಸಿಲು ನೇರವಾಗಿ ಬೀಳದೆ ಆಕಾಶದ ಅಗಲಕ್ಕೂ ಹರಡಿದ ಬೆಳಕು ಮುಖದ ಮೇಲೆ ನಿಧಾನವಾಗಿ ಇಳಿಯುತ್ತದೆ, ಮೂಗಿನ ನೆರಳಿಗೆ ಅಂಚೇ ಇರುವುದಿಲ್ಲ. ಅದರ ಮೇಲೆ ಯಾರಾದರೂ ಬುದ್ಧಿವಂತರು ಒಂದು ಬಿಳಿ ಥರ್ಮಾಕೋಲ್ ಹಾಳೆಯನ್ನು ಮಗುವಿನ ಎದೆಮಟ್ಟದಲ್ಲಿ ಹಿಡಿದರೆ ಕಣ್ಣಿನ ಕೆಳಗಿನ ಕಪ್ಪೂ ಹೋಗಿಬಿಡುತ್ತದೆ. ಕಿಟಕಿಯ ಪಕ್ಕವೂ ಇದೇ ಅಪಾಯ: ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ, ಮಗುವನ್ನು ಮೂರಡಿ ದೂರದಲ್ಲಿ ಕೂರಿಸಿ, 85 ಎಂಎಂ ಲೆನ್ಸಿನಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಎಕ್ಸ್‌ಪೋಷರನ್ನು ಒಂದು ಎಳೆಯಷ್ಟು ಏರಿಸಿದರೆ ಚರ್ಮ ಕ್ಯಾಮೆರಾದಲ್ಲೇ ನುಣುಪಾಗಿ ಬಂದುಬಿಡುತ್ತದೆ. ಕಂಪ್ಯೂಟರಿನಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಖರ್ಚು ಥರ್ಮಾಕೋಲಿನದಷ್ಟೇ. ಇಂಥ ವಿಷಯ ಗಿರಾಕಿಗಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ.

ಅದರ ಬದಲು ಮಧ್ಯಾಹ್ನ ಹನ್ನೆರಡೂವರೆಗೆ ಶೀಟ್ ಮನೆಯ ಮುಂದೆ ನಿಲ್ಲಿಸಿ. ಸೂರ್ಯ ನೆತ್ತಿಯ ಮೇಲಿರಲಿ, ನಿಮ್ಮ ಫ್ಲಾಷ್ ಮೂಗಿನ ನೇರಕ್ಕಿರಲಿ. ಆಗ ಇಲ್ಲದ ಗುಳಿ, ಇಲ್ಲದ ಜಿಡ್ಡು, ಹಣೆಯ ಮೇಲೊಂದು ಬಿಳಿ ಚುಕ್ಕೆ ಎಲ್ಲ ತಾವಾಗಿಯೇ ಹುಟ್ಟುತ್ತವೆ. ಕೆಲಸ ಸಿಗಬೇಕಾದರೆ ಕೆಲಸವನ್ನು ನಾವೇ ಹುಟ್ಟಿಸಬೇಕು.

ಹೊರಾಂಗಣ ಶೂಟ್ ಎಂದು ಒಪ್ಪಿಕೊಂಡಿದ್ದರೆ ಸೂರ್ಯೋದಯಕ್ಕೇ ನಂದಿಯ ತಪ್ಪಲಲ್ಲಿ ಇರಬೇಕೆಂದು ಹಟ ಹಿಡಿಯಿರಿ. ಮಗುವನ್ನು ನಾಲ್ಕಕ್ಕೆ ಎಬ್ಬಿಸಲು ಹೇಳಿ. ಅಷ್ಟು ಹೊತ್ತಿಗೆ ಹೊಸಕೋಟೆಯ ದಮ್ ಬಿರಿಯಾನಿಗೆ ದೊಡ್ಡವರೇ ಎದ್ದು ಬಂದು ಸಾಲು ನಿಲ್ಲುತ್ತಾರೆ, ಒಂದು ವರ್ಷದ ಕೂಸಿಗೆ ಏನು ಧಾಡಿ? ದಾರಿಯಲ್ಲಿ ವಾಂತಿಯಾಗುತ್ತದೆ, ತಲುಪಿದ ಮೇಲೆ ಅಳು ಹತ್ತುತ್ತದೆ. ಅತ್ತ ಮುಖ ಕೆಂಪಗೆ ಊದಿಕೊಂಡು ಕಣ್ಣೆವೆ ಅಂಟಿಕೊಂಡಾಗ ಬೇಸರಪಡಬೇಡಿ. ಟಚಪ್ಪಿಗೆ ಇದಕ್ಕಿಂತ ಒಳ್ಳೆಯ ಕಚ್ಚಾಮಾಲು ಸಿಗುವುದಿಲ್ಲ.

ಮೇಕಪ್ಪನ್ನು ಮನೆಯವರಿಗೇ ಬಿಡಿ, ಅವರು ನಿಮ್ಮನ್ನು ನಿರಾಸೆಗೊಳಿಸುವುದಿಲ್ಲ. ಪೌಡರು ಹುಬ್ಬಿನಲ್ಲಿ ಕೂತಿರುತ್ತದೆ, ಕತ್ತಿನ ಮಡಿಕೆಯಲ್ಲಿ ಬೆವರಿನ ಜೊತೆ ಸೇರಿ ಬಿಳಿ ಗೆರೆ ಎಳೆದಿರುತ್ತದೆ. ಕಾಡಿಗೆ ಮೂಗಿನವರೆಗೆ ಇಳಿದಿರುತ್ತದೆ. ಬಲಗೆನ್ನೆಯ ಮೇಲೆ ಅಜ್ಜಿ ಬೆರಳಿನಲ್ಲೊತ್ತಿದ ದೃಷ್ಟಿಬೊಟ್ಟು. ಮಗು ತೀರ ಚೆನ್ನಾಗಿ ಕಾಣಬಾರದೆಂದು ಅಜ್ಜಿ ಇಟ್ಟ ಕಲೆ ಅದು. ಮಗು ತೀರ ಚೆನ್ನಾಗಿ ಕಾಣಬೇಕೆಂದು ನೀವು ಅದನ್ನು ಅಳಿಸಿ. ಅಜ್ಜಿಯ ಕೆಲಸಕ್ಕೆ ಕೂಲಿಯಿಲ್ಲ, ನಿಮ್ಮದಕ್ಕಿದೆ.

ಈಗ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ಫೋಟೊ ತೆರೆದ ಕೂಡಲೇ 300 ಪರ್ಸೆಂಟಿಗೆ ದೊಡ್ಡದು ಮಾಡಿ, ಕೆಲಸ ಮುಗಿಯುವವರೆಗೆ ಅಲ್ಲಿಂದ ಇಳಿಯಬೇಡಿ. ಅಷ್ಟು ಹತ್ತಿರದಿಂದ ನೋಡಿದರೆ ದೇವತೆಗಳ ಮುಖದಲ್ಲೂ ದೋಷ ಸಿಗುತ್ತದೆ. ಇಡೀ ಮುಖ ತೆರೆಯ ಮೇಲೆ ಬಂತೆಂದರೆ ಮಗು ಕಾಣುತ್ತದೆ, ಮಗು ಕಂಡರೆ ಮೌಸ್ ಹಿಡಿದ ಕೈ ಹಿಂಜರಿಯುತ್ತದೆ.

ಮೊದಲು ಹೀಲಿಂಗ್ ಬ್ರಷ್ ಎತ್ತಿಕೊಳ್ಳಿ. 2002ರಲ್ಲಿ ಫೋಟೊಶಾಪ್ 7ರ ಜೊತೆಗೆ ಬಂದ ಈ ಉಪಕರಣ ಕಲೆಯಿದ್ದ ಜಾಗಕ್ಕೆ ಪಕ್ಕದ ಚರ್ಮವನ್ನು ತಂದು ಬಣ್ಣ ಹೊಂದಿಸಿ ಕೂರಿಸುತ್ತದೆ. ಹಣೆಯ ಮೇಲೆ ಸೊಳ್ಳೆ ಕಚ್ಚಿದ ಗುಳ್ಳೆ, ತೆಗೆಯಿರಿ. ಗದ್ದದಲ್ಲಿ ಹೊಸಿಲು ಎಡವಿ ಬಿದ್ದ ಗಾಯದ ಹೊಪ್ಪಳೆ, ತೆಗೆಯಿರಿ. ಜೊಲ್ಲಿನಿಂದ ತುಟಿಯ ಕೆಳಗೆ ಎದ್ದ ಕೆಂಪು, ಮೂಗಿನ ಹೊಳ್ಳೆಯ ಒಣಗಿದ ಸಿಂಬಳ, ಹಾಲು ಕುಡಿದ ಗುರುತು, ಕತ್ತಿನ ಬೆವರುಸಾಲೆ, ತೋಳಿಲ್ಲದ ಫ್ರಾಕಿನಿಂದ ಇಣುಕುವ ಬಿಸಿಜಿ ಲಸಿಕೆಯ ಗುರುತು. ಇವೆಲ್ಲ ಹೋದ ಮೇಲೂ ಅದು ಮಗುವೇ ಎಂದು ಅನುಮಾನ ಬಂದರೆ ಕೆನ್ನೆಯ ಗುಳಿಯನ್ನೂ ತುಂಬಿಬಿಡಿ. ಹೊತ್ತು ಮುಳುಗುವ ಬೆಳಕು ಹಿಂದಿನಿಂದ ಬಿದ್ದು ಕಿವಿಯ ಅಂಚು ಕೆಂಪಗೆ ಹೊಳೆಯುತ್ತಿರುವ ಫೋಟೊ ಬಂದರೆ ಹೆದರಬೇಡಿ. ಅದು ರಕ್ತ, ತೆಳು ಚರ್ಮದೊಳಗೆ ಓಡುತ್ತಿರುವುದು ಕಾಣುತ್ತಿದೆ ಅಷ್ಟೆ. ಕೆಂಪನ್ನು ಪೂರ್ತಿ ಇಳಿಸಿ, ಕಿವಿ ತಣ್ಣಗಾಗುತ್ತದೆ.

ಇನ್ನು ನುಣುಪಿನ ಮುಖ್ಯ ಕೆಲಸ. ತಿಳಿದವರು ಚಿತ್ರವನ್ನು ಎರಡು ಪದರ ಮಾಡಿಕೊಳ್ಳುತ್ತಾರೆ: ಒಂದರಲ್ಲಿ ಬಣ್ಣ ಮತ್ತು ನೆರಳು, ಇನ್ನೊಂದರಲ್ಲಿ ಚರ್ಮದ ಸಣ್ಣ ನೇಯ್ಗೆ. ಕೆಳಗಿನ ಪದರದಲ್ಲಿ ಬಣ್ಣದ ಏರುಪೇರನ್ನು ಮಾತ್ರ ಹದ ಮಾಡಿ ಮೇಲಿನ ನೇಯ್ಗೆಯನ್ನು ಮುಟ್ಟದೆ ಬಿಡುತ್ತಾರೆ. ಒಂದು ಮುಖಕ್ಕೆ ಅರ್ಧ ಗಂಟೆಯಾದರೂ ಬೇಕು, ಮಾಡಿದ್ದು ಗೊತ್ತೂ ಆಗುವುದಿಲ್ಲ. ಗೊತ್ತಾಗದ ಕೆಲಸಕ್ಕೆ ಯಾರು ದುಡ್ಡು ಕೊಡುತ್ತಾರೆ? ನೀವು ಮೇಲಿನ ಪದರವನ್ನು ಹಿಡಿದು ಡಿಲೀಟ್ ಒತ್ತಿ. ಉಳಿದದ್ದಕ್ಕೆ ಇನ್ನೊಂದು ಸುತ್ತು ಬ್ಲರ್ ಕೊಡಿ. ಪ್ಲಗಿನ್ ಇದ್ದರೆ ಇನ್ನೂ ಸುಲಭ, ಸ್ಲೈಡರನ್ನು ಬಲಕ್ಕೆ ಅದು ನಿಲ್ಲುವವರೆಗೆ ಎಳೆಯಿರಿ. ಮೂವತ್ತರಲ್ಲಿ ನಿಲ್ಲಿಸಿ ಎಂದು ಕಲಿಸುವವರು ನೂರನ್ನು ಯಾಕೆ ಇಟ್ಟಿದ್ದಾರೆಂದು ಒಮ್ಮೆಯೂ ಯೋಚಿಸಿಲ್ಲ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ಸಿಪ್ಪೆಯ ಮೇಲಿನ ಸಣ್ಣ ಸಣ್ಣ ಗುಳಿಗಳ ಸಮೇತವೇ. ಅದು ಹಣ್ಣು, ಅದಕ್ಕೆ ನಡೆಯುತ್ತದೆ.

ಅಜ್ಜಿಯ ತೊಡೆಯ ಮೇಲೆ ಮಗು ಕೂತಿರುವ ಫೋಟೊದಲ್ಲಿ ಮಾತ್ರ ಸ್ವಲ್ಪ ಪೇಚಿದೆ. ಅಜ್ಜಿ ಆ ದಿನಕ್ಕೆಂದೇ ಪೆಟ್ಟಿಗೆಯಿಂದ ತೆಗೆದುಟ್ಟ ಸೀರೆ ದೊಡ್ಡಬಳ್ಳಾಪುರದ ಪವರ್‌ಲೂಮಿನದು. 300 ಪರ್ಸೆಂಟಿನಲ್ಲಿ ನೋಡಿದರೆ ಹಾಸು ಯಾವುದು ಹೊಕ್ಕು ಯಾವುದು ಎಂದು ಬಿಡಿಸಿ ಹೇಳಬಹುದು, ಸೆರಗಿನ ಅಂಚಿನಲ್ಲಿ ಜರಿಯ ಒಂದು ಎಳೆ ಎದ್ದಿರುವುದೂ ಕಾಣುತ್ತದೆ. ಅದೇ ತೆರೆಯಲ್ಲಿ ಎರಡು ಬೆರಳು ಮೇಲೆ ಮಗುವಿನ ಕೆನ್ನೆಯಲ್ಲಿ ಏನೂ ಇಲ್ಲ, ಬರೀ ಗುಲಾಬಿ ಬಣ್ಣ. ನೋಡಿದವರಿಗೆ ಸೀರೆಗೆ ಜೀವವಿದ್ದು ಮಗುವನ್ನು ಅಂಟಿಸಿದಂತೆ ಅನ್ನಿಸಬಹುದು. ಆಗ ಅಜ್ಜಿಯ ಮುಖಕ್ಕೂ ಅದೇ ಬ್ರಷ್ ಆಡಿಸಿ. ಹಣೆಯ ಗೆರೆ, ಬಾಯಿಯ ಸುತ್ತಲಿನ ಸುಕ್ಕು, ಎಲೆಅಡಿಕೆಯ ಕೆಂಪು ಎಲ್ಲ ಹೋಗಲಿ. ಪಕ್ಕದಲ್ಲಿ ನಿಂತ ತಾಯಿಗೂ ಹಾಗೇ ಮಾಡಿ. ಮೂರು ತಲೆಮಾರು ಒಂದೇ ವಯಸ್ಸಿಗೆ ಬಂದು ನಿಲ್ಲುತ್ತದೆ. ಕೈಗಳನ್ನು ಮರೆಯಿರಿ, ಎಲ್ಲರೂ ಮರೆಯುತ್ತಾರೆ. ಮಗುವಿನ ಸೊಂಟವನ್ನು ಬಳಸಿಕೊಂಡು, ನರ ಎದ್ದು, ಉಗುರಿನಂಚಿಗೆ ಅರಿಶಿನ ಹಿಡಿದ ಎಪ್ಪತ್ತು ವರ್ಷದ ಕೈಯೊಂದು ಇಪ್ಪತ್ತೈದರ ಮುಖದ ಕೆಳಗೆ ಉಳಿದುಕೊಳ್ಳುತ್ತದೆ. ಯಾರದೆಂದು ಯಾರೂ ಕೇಳುವುದಿಲ್ಲ.

ಬಣ್ಣದ ವಿಷಯದಲ್ಲಿ ಗಿರಾಕಿ ಹೇಳುವುದನ್ನು ಅಕ್ಷರಶಃ ಕೇಳಿಸಿಕೊಳ್ಳಿ. "ಅಣ್ಣಾ, ನ್ಯಾಚುರಲ್ಲಾಗೇ ಇರ್ಲಿ, ಒಂಚೂರು ಬೆಳ್ಳಗ್ ಮಾಡ್ಕೊಡಿ" ಎನ್ನುತ್ತಾರೆ. ಈ ಎರಡು ಮಾತಿನ ನಡುವೆ ಜಗಳವಿದೆ ಎಂದು ನಿಮಗೆ ಅನ್ನಿಸಿದರೆ ನೀವಿನ್ನೂ ಹೊಸಬರು. ಕರ್ವ್ಸ್ ತೆರೆದು ಮುಖವನ್ನು ಮಾತ್ರ ಮೇಲೆತ್ತಿ. ಕತ್ತು, ಕೈ, ಕಾಲು ಇದ್ದ ಬಣ್ಣದಲ್ಲೇ ಇರಲಿ, ಅವಕ್ಕೆ ಬೇರೆ ರೇಟು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಟೀಕೆಗಳಿಗೆ ಸಿಕ್ಕಿ 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಎಂದು ಹೆಸರು ತಿದ್ದಿಕೊಂಡಿತು. ಕಂಪನಿಯೇ ಬಾಯಿಬಿಟ್ಟು ಹೇಳಲು ಹಿಂಜರಿದ ಮೇಲೆ ಆ ಹೊಣೆಯೆಲ್ಲ ಈಗ ನಮ್ಮಂಥ ಸಣ್ಣವರ ಹೆಗಲಿಗೆ ಬಿದ್ದಿದೆ.

ಕೃಷ್ಣಾಷ್ಟಮಿಯ ಆಸುಪಾಸಿನಲ್ಲಿ ಒಂದು ತಾಂತ್ರಿಕ ತೊಂದರೆ ಎದುರಾಗುತ್ತದೆ. ಮುದ್ದುಕೃಷ್ಣನ ವೇಷಕ್ಕೆ ಮುಖಕ್ಕೆಲ್ಲ ನೀಲಿ ಬಳಿದುಕೊಂಡು ಬರುವ ಮಕ್ಕಳು ನಮ್ಮ ಪ್ಲಗಿನ್ನುಗಳ ಕಣ್ಣಿಗೆ ಬೀಳುವುದಿಲ್ಲ. ಅವು ಚರ್ಮದ ಬಣ್ಣವನ್ನು ಹುಡುಕಿ ಹಿಡಿಯುವ ಯಂತ್ರಗಳು, ನೀಲಿ ಕಂಡರೆ ಗೋಡೆಯೋ ಬಟ್ಟೆಯೋ ಎಂದುಕೊಂಡು ಸುಮ್ಮನೆ ಬಿಟ್ಟುಬಿಡುತ್ತವೆ. ಹಾಗಾಗಿ ಬಣ್ಣ ಬಿರುಕುಬಿಟ್ಟ ಮೂಗು, ಬೆವರಿನ ಜಾಡು, ಬೆಣ್ಣೆ ಮೆತ್ತಿದ ತುಟಿ ಎಲ್ಲ ಇದ್ದಂತೆಯೇ ಅಚ್ಚಾಗುತ್ತವೆ. ವರ್ಷದಲ್ಲಿ ಆ ಒಂದು ದಿನ ಮಾತ್ರ ಮಗುವಿನ ಮುಖ ಮಗುವಿನ ಮುಖದ ಹಾಗೆ ಬರುತ್ತದೆ. ಗಿರಾಕಿಯ ಕ್ಷಮೆ ಕೇಳಿ, ಹತ್ತು ಪರ್ಸೆಂಟ್ ಕಡಿಮೆ ಮಾಡಿಕೊಳ್ಳಿ.

ಇಷ್ಟು ದುಡಿಯಲು ಬೇಸರವಾದರೆ ಎಐ ಆ್ಯಪಿಗೆ ಒಪ್ಪಿಸಿ. ಮಸುಕಾದ ಫೋಟೊ ಹಾಕಿದರೆ ಸಾಕು, ಅದು ಕಾಣದ್ದನ್ನೆಲ್ಲ ಊಹಿಸಿ ತುಂಬುತ್ತದೆ. ಆರು ವರ್ಷಕ್ಕೆ ಕೆಳಗಿನ ಮುಂದಿನ ಹಾಲುಹಲ್ಲು ಬಿದ್ದು, ಆ ಸಂದಿಯಲ್ಲಿ ನಾಲಗೆ ತೂರಿಸಿ ನಗುವ ಹುಡುಗಿಗೆ ಆ್ಯಪು ಕ್ಷಣದಲ್ಲಿ ಸಾಲುಹಲ್ಲು ಜೋಡಿಸುತ್ತದೆ. ಸಾಮಾನ್ಯವಾಗಿ ಅವು ಬ್ಯಾಂಕ್ ಮ್ಯಾನೇಜರೊಬ್ಬರ ಹಲ್ಲಿನಷ್ಟು ದೊಡ್ಡವು. ಎಣಿಸಲು ಹೋಗಬೇಡಿ. ಹುಡುಗಿ ತನ್ನ ಫೋಟೊ ನೋಡಿ, ಬಾಯಿಗೆ ಬೆರಳು ಹಾಕಿ ಮುಟ್ಟಿ ನೋಡಿಕೊಂಡರೆ ಗಮನ ಬೇರೆಡೆಗೆ ಸೆಳೆಯಿರಿ.

ಯಾರಾದರೂ ಹಿರಿಯರು ಬಂದು ಹಳೆಯ ಕಾಲದ ರಿಟಚಿಂಗ್ ಹೀಗಿರಲಿಲ್ಲ ಎಂದರೆ ಇತಿಹಾಸವನ್ನೇ ಅವರ ಮುಂದಿಡಿ. ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೆಂಗ್ಲ್ 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ತಿದ್ದಿದ ನೆಗೆಟಿವ್‌ನಿಂದ ತೆಗೆದ ಚಿತ್ರವನ್ನೂ ತಿದ್ದದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಜನರನ್ನು ಬೆರಗಾಗಿಸಿದ. ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ಅದೇ ವಿದ್ಯೆ ನಡೆಯುತ್ತಿತ್ತು. ಮುಖದ ಕಪ್ಪು ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ, ಅಲ್ಲಿಗೆ ಸೂಜಿಮೊನೆಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಸೀಸ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಇಷ್ಟನ್ನು ಒಪ್ಪಿಕೊಂಡು ಮಾತು ನಿಲ್ಲಿಸಿ. ಆ ಕಾಲದ ರಿಟಚಿಂಗಿನವನು ಬೆಳಕಿನ ಪೆಟ್ಟಿಗೆಯ ಮುಂದೆ ಬೆನ್ನು ಬಗ್ಗಿಸಿ, ಕಣ್ಣು ಕಿರಿದು ಮಾಡಿ ಒಂದೊಂದೇ ಚುಕ್ಕೆ ಇಡಬೇಕಿತ್ತು. ಕೈ ತಪ್ಪಿದರೆ ನೆಗೆಟಿವ್ ಹಾಳಾಗುತ್ತಿತ್ತು. ಆ ಭಯಕ್ಕೇ ಬೇಕಾದದ್ದನ್ನಷ್ಟೇ ತಿದ್ದಿ ಏಳುತ್ತಿದ್ದ. ಈ ಭಾಗವನ್ನು ಹಿರಿಯರಿಗೆ ಹೇಳಬೇಡಿ. ನಮಗೆ ಕಂಟ್ರೋಲ್ ಝಡ್ ಇದೆ, ಭಯವಿಲ್ಲ.

ಅದಕ್ಕಿಂತ ಮುಖ್ಯವಾಗಿ, ಕೆಲಸಕ್ಕೆ ಬಂದ ಹುಡುಗರಿಗೆ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನು ತೋರಿಸಬೇಡಿ. ಮೈಸೂರಿನ ಈ ಮನುಷ್ಯ ಜೀವಮಾನವಿಡೀ ಕ್ಯಾಮೆರಾ ಹಿಡಿದು ಊರೂರು ತಿರುಗಿದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೊಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲೇ ಪ್ರದರ್ಶನಕ್ಕಿಟ್ಟಿತು. ಮಕ್ಕಳು ಹೇಗಿದ್ದರೋ ಹಾಗೆಯೇ ಅಲ್ಲಿಯವರೆಗೆ ಹೋದರು. ಬೆಳ್ಳಗೆ ಮಾಡಿಸಿಕೊಂಡು ಬನ್ನಿ ಎಂದು ಯಾರೂ ವಾಪಸು ಕಳಿಸಲಿಲ್ಲ. ಹುಡುಗರು ಇದನ್ನು ನೋಡಿದರೆ ಕೆಟ್ಟುಹೋಗುತ್ತಾರೆ. ಆಮೇಲೆ ಮಗು ನಗುವವರೆಗೆ ಕಾಯುತ್ತಾ ಕೂರುತ್ತಾರೆ, ಸ್ಟುಡಿಯೋ ನಡೆಯುವುದಿಲ್ಲ.

ಮೊದಲ ಹುಟ್ಟುಹಬ್ಬದ ಫ್ಲೆಕ್ಸಿಗೆ ಪ್ರತಿಯೊಂದು ರೆಪ್ಪೆಕೂದಲನ್ನೂ ಬಿಡದೆ ತಿದ್ದಿ. ಫೈಲು ಇಂಚಿಗೆ 72 ಪಿಕ್ಸೆಲ್ಲಿನಲ್ಲಿ ಹೋಗುತ್ತದೆ, ನೆಲಮಂಗಲದ ಸರ್ಕಲ್ಲಿನಲ್ಲಿ ಹದಿನೈದು ಅಡಿ ಎತ್ತರದಲ್ಲಿ ನಿಲ್ಲುತ್ತದೆ, ತಿದ್ದಿದ್ದು ತಿದ್ದದ್ದು ಎರಡೂ ಒಂದೇ ಥರ ಕಾಣುತ್ತವೆ. ಆದರೂ ಚಾರ್ಜು ಹಾಕಿ. ಮಗುವಿನ ಮುಖಕ್ಕಿಂತ ಮೇಲೆ ತಾಲ್ಲೂಕಿನ ಮುಖಂಡರದು ದೊಡ್ಡದಾಗಿರಲಿ, ಅವರಿಗೂ ಅದೇ ಪ್ಲಗಿನ್ ನಡೆಯುತ್ತದೆ. 2016ರ ಮಾರ್ಚಿನಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧವಿದೆಯಲ್ಲ ಎಂದು ಕೇಳುವವರಿಗೆ ಮುಖಂಡರ ಫೋಟೊವನ್ನೇ ತೋರಿಸಿ.

ಕಾನೂನಿನ ಕಡೆಗೂ ಒಂದು ಕಣ್ಣಿಡಿ. ತಿದ್ದಿದ ಮೈಕಟ್ಟಿನ ಜಾಹೀರಾತಿಗೆ ತಿದ್ದಿದ್ದು ಎಂದು ಬರೆಯಲೇಬೇಕೆಂದು ಫ್ರಾನ್ಸ್ 2017ರಲ್ಲಿ, ನಾರ್ವೆ 2022ರಲ್ಲಿ ನಿಯಮ ತಂದವು. ಆ ದೇಶಗಳಲ್ಲಿ ಅಂಗಡಿ ಹಾಕಬೇಡಿ. ಪಾಸ್‌ಪೋರ್ಟ್ ಫೋಟೊ ಬಂದಾಗ ಮಾತ್ರ ಸ್ವಲ್ಪ ಜಾಣತನ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ ಫೋಟೊ ಮನೆಯಿಂದಲೇ ಒಯ್ಯಬೇಕು, ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಅದನ್ನು ತಿದ್ದಿರಬಾರದು. ನೀವು ತಿದ್ದಿಯೇ ಕೊಡಿ. ವಾಪಸು ಬಂದರೆ ಇನ್ನೊಂದು ಸಲ ತೆಗೆಯುವ ಕೆಲಸ ಸಿಗುತ್ತದೆ. ವಾಪಸು ಬರದೆ ಹೋದರೆ 2008ರಲ್ಲಿ ದೇವನಹಳ್ಳಿಯಲ್ಲಿ ಶುರುವಾದ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅಧಿಕಾರಿ ಪುಸ್ತಕ ನೋಡಿ, ಮಗು ನೋಡಿ, ಮತ್ತೆ ಪುಸ್ತಕ ನೋಡುತ್ತಾ ಕೂರುತ್ತಾರೆ. ಅದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಮಚ್ಚೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಎಷ್ಟೋ ದಂಪತಿ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು, ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಮಗುವನ್ನು ಪಡೆದಿರುತ್ತಾರೆ. ಆ ಮಗುವಿನ ಎಡಗೆನ್ನೆಯ ಮಚ್ಚೆ ತೀರಿಕೊಂಡ ತಾತನ ಎಡಗೆನ್ನೆಯಲ್ಲೂ ಇತ್ತೆಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿರುತ್ತಾರೆ. ನೀವು ಕೇಳದೆಯೇ ತೆಗೆದುಬಿಡಿ, ಕೇಳಿದರೆ ಬೇಡ ಅನ್ನಬಹುದು. ಚಹರೆಗುರುತು ಎಂದು ಶಾಲೆಯ ಅರ್ಜಿಯಲ್ಲಿ ಬರೆಯಲು ಅವರಿಗೆ ಬೇರೇನಾದರೂ ಸಿಕ್ಕೇ ಸಿಗುತ್ತದೆ. ಘಾಟಿ ದನಗಳ ಜಾತ್ರೆಯ ನೂಕುನುಗ್ಗಲಿನಲ್ಲಿ ಮಗು ಕೈತಪ್ಪಿ ಹೋದಾಗ ತಂದೆ ಫೋನಿನಲ್ಲಿದ್ದ ಫೋಟೊವನ್ನು ಪೊಲೀಸರಿಗೂ ಕಡಲೆಪುರಿ ಅಂಗಡಿಯವರಿಗೂ ತೋರಿಸುತ್ತಾ ಓಡುತ್ತಾನಲ್ಲ, ಅದೂ ನಿಮ್ಮದೇ ಫೋಟೊ. ಬಿಳಿ ಮುಖ, ಮಚ್ಚೆಯಿಲ್ಲ, ಹಲ್ಲು ತುಂಬ. ಅಂಥ ಮಗುವನ್ನು ಅಲ್ಲಿ ಯಾರೂ ನೋಡಿರುವುದಿಲ್ಲ. ಮೈಕಿನವನು ಹೆಸರು ಕೂಗಿಯೇ ಹುಡುಕಬೇಕಾಗುತ್ತದೆ.

ಆಲ್ಬಂ ಕೊಡುವ ದಿನ ಅಜ್ಜಿ ಬರದಂತೆ ನೋಡಿಕೊಳ್ಳಿ. ಬಂದರೆ ಕನ್ನಡಕ ಏರಿಸಿಕೊಂಡು ಮೊದಲ ಪುಟವನ್ನೇ ಬಹಳ ಹೊತ್ತು ನೋಡಿ, "ಇದು ನಮ್ ಮಗೂನೇನಪ್ಪಾ? ಬೇರೆಯವ್ರುದ್ ಕೊಟ್ಬಿಟ್ಯೇನೋ ನೋಡು" ಎನ್ನುತ್ತಾರೆ. ಗಾಬರಿಯಾಗಬೇಡಿ. "ನಿಮ್ದೇ ಅಜ್ಜಿ, ಲೈಟಿಂಗು ಹಂಗೆ" ಎಂದು ಪುಟ ತಿರುಗಿಸಿ. ಅವರು ಬಿಡದೆ, "ಬಟ್ಟೆ ನಮ್ದೇ, ಮುಖ ನಮ್ದಲ್ಲ" ಎಂದು ಕೂತರೆ ಮಾತ್ರ ಒಳಗೆ ಹೋಗಿ, ಮೆಮೊರಿ ಕಾರ್ಡಿನಲ್ಲಿ ಉಳಿದಿರುವ ಮುಟ್ಟದ ಫೋಟೊ ಹುಡುಕಿ. ನೀವು ಲೈಟು ಹೊಂದಿಸುತ್ತಿದ್ದಾಗ ಹುಡುಗ ಸುಮ್ಮನೆ ಕ್ಲಿಕ್ಕಿಸಿದ್ದೊಂದು ಇರುತ್ತದೆ: ಮಗು ಬಾಗಿಲ ಬೆಳಕಿನಲ್ಲಿ, ಬೊಟ್ಟು ಕದಡಿಕೊಂಡು, ಜೊಲ್ಲು ಸುರಿಸುತ್ತಾ ಅಜ್ಜಿಯ ಕಡೆಗೇ ನೋಡುತ್ತಿರುತ್ತದೆ. ಅದನ್ನು ಹಾಗೆಯೇ ಪ್ರಿಂಟ್ ಹಾಕಿ, 'ನ್ಯಾಚುರಲ್ ಲುಕ್, ಸ್ಪೆಷಲ್ ಎಡಿಶನ್' ಎಂದು ಕವರಿನ ಮೇಲೆ ಬರೆದು ಎರಡುಪಟ್ಟು ದುಡ್ಡು ಹೇಳಿ. ಚೌಕಾಸಿ ಮಾಡದೆ ಕೊಡುತ್ತಾರೆ. ಮೊದಲಿನ ಆಲ್ಬಮ್ಮಿನ ಬಾಕಿಯನ್ನೂ ಆಗಲೇ ವಸೂಲು ಮಾಡಿಕೊಳ್ಳಿ.